ಅವ್ವನ ತಿಥಿಗೆ ಬೆಂದ ಬಿತ್ತನೆ ಅವರೆ

ರಾಗಿ ಹೊಲದ ನಡುನಡುವೆ ಬಿಟ್ಟ ಅಕ್ಕಡಿ ಸಾಲಿನಲ್ಲಿ ಅವರೆ ಮಳೆಗಾಲದಲ್ಲೇ ಹೂಬಿಟ್ಟು ಕೂತಿತ್ತು. ಸೋನೆಗೆ ಹೂವೆಲ್ಲ ಉದುರಿ ಕೆಸರು ಸೇರಿತ್ತು. ಕಾಂತರಾಜು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದ.

ಪಕ್ಕದ ಹೊಲದ ಶಿವರಾಜು ಬಂದು ನಿಂತ.

"ಏನ್ಲಾ ಕಾಂತ, ನಿನ್ ಅವರೆಗೆ ಅದೇನ್ಲಾ ಅವಸ್ರ? ರಾಗಿ ಇನ್ನೂ ತೆನೆ ತೆಗ್ದಿಲ್ಲ."

"ಪ್ಯಾಕೆಟ್ ಬೀಜ ಕಣ್ಲಾ. ಅದು ಅಂಗೇ ಅಂತೆ."

"ನಿಮ್ಮವ್ವನ ಅವರೆ ಇಂಗಿರ್ಲಿಲ್ಲ. ರಾಗಿ ಕುಯ್ಯೋಗಂಟ ತೆಪ್ಪಗೆ ಬಿದ್ದಿರ್ತಿತ್ತು. ಆಮ್ಯಾಕೆ ಮಂಜು ಕುಡ್ದು ಹೊಲ ತುಂಬ ಹಬ್ಬೋದು. ನಾನೂ ವರ್ಸಾ ವರ್ಸಾ ಅವಳತ್ರಾನೇ ಬೀಜ ಈಸ್ಕೊತಿದ್ದೆ."

ಆ ಬೀಜ ಎಲ್ಲಿ ಹೋಯಿತೆಂದು ಕಾಂತರಾಜುವಿಗೆ ಗೊತ್ತಿತ್ತು. ಶಿವರಾಜುವಿಗೂ ಗೊತ್ತಿತ್ತು. ಅವನೂ ಉಂಡಿದ್ದ.

ಬೇಸಿಗೆಯಲ್ಲಿ ಅವ್ವ ಬೆಟ್ಟಮ್ಮ ತೀರಿಕೊಂಡಿದ್ದಳು. ತಿಥಿಯ ಹಿಂದಿನ ದಿನ, ಕಾಳು ಸಾಲದು ಎಂದರು ಅಡುಗೆಯವರು. ಕಾಂತರಾಜು ಅಟ್ಟ ಹತ್ತಿ, ಬಾಯಿಗೆ ಸಗಣಿ ಮೆತ್ತಿದ್ದ ಮಡಕೆ ಇಳಿಸಿದ. ಒಳಗೆ ಬೂದಿ, ಬೂದಿಯೊಳಗೆ ಅವರೆ. ಒಂದಕ್ಕೂ ಹುಳ ಬಿದ್ದಿರಲಿಲ್ಲ.

"ಅದು ಬಿತ್ತನೇದು ಕಣ್ರೀ," ಎಂದು ಹೆಂಡತಿ ಪ್ರತಿಭಾ ಅಡ್ಡ ನಿಂತಳು. "ಅತ್ತೆ ನಂಗೂ ಮುಟ್ಟೋಕೆ ಬುಡ್ತಿರ್ಲಿಲ್ಲ."

"ಬೀಜ ಅಂಗ್ಡೀಲಿ ಸಿಗಲ್ವಾ? ಅವ್ವುಂಗೆ ಹಿತ್ಕಿದ ಬೇಳೆ ಸಾರು ಅಂದ್ರೆ ಜೀವ. ಅವಳ ಎಡೆಗೆ ಅವಳ ಅವರೇನೇ ಆಗ್ಲಿ, ಬುಡು."

ಪ್ರೀತಿಯಿಂದಲೇ ಅಂದ ಮಾತು. ಮುದ್ದೆಗೆಂದು ಪಕ್ಕದಲ್ಲಿದ್ದ ಬಿತ್ತನೆ ರಾಗಿಯ ಮಡಕೆಯೂ ಇಳಿಯಿತು. ಊರು ಉಂಡು, ಕೈ ಮೂಸಿಕೊಂಡು, ಹೊಗಳಿತು. ಬೆಟ್ಟಮ್ಮನ ಅತ್ತೆಯ ಕಾಲದಿಂದ ಬಂದ ಬೀಜ ಒಂದೇ ಹೊತ್ತಿನ ಊಟಕ್ಕೆ ಮುಗಿಯಿತು.

ಚಳಿಗಾಲ ಬಂತು. ಒಂದು ದಿನ ಶ್ರವಣಬೆಳಗೊಳದ ಅಂಗಡಿಗೆ ತೆಂಗಿನಕಾಯಿ ಹಾಕಿ, ಜಿನನಾಥಪುರದ ದಾರಿಯಲ್ಲಿ ಬರುತ್ತಿದ್ದಾಗ ಒಂದು ಹಿತ್ತಲಿನಿಂದ ಅವರೆಯ ಸೊಗಡು ಮೂಗಿಗೆ ಬಡಿಯಿತು. ಕಾಂತರಾಜು ಗಾಡಿ ನಿಲ್ಲಿಸಿದ. ಅದು ಅವ್ವನ ಸೆರಗಿನ ವಾಸನೆ.

ಹಿತ್ತಲು ಪದ್ಮಾವತಮ್ಮನದು. ಬೆಟ್ಟಮ್ಮ ಹಸಿ ಅವರೆಕಾಯಿ ಮಾರಲು ಬಂದಾಗಲೆಲ್ಲ ಇವರ ಜಗಲಿಯಲ್ಲೇ ಕೂತು ಮಜ್ಜಿಗೆ ಕುಡಿಯುತ್ತಿದ್ದದ್ದು.

"ಬೆಟ್ಟಮ್ಮನ ಮಗ ಅಲ್ವೇನಪ್ಪ? ನಿಮ್ಮವ್ವ ಹೋದ ಸುದ್ದಿ ಕೇಳಿದ್ದೆ. ಈ ಅವರೆ ಅವಳು ಕೊಟ್ಟಿದ್ದೇ. ನಿಮ್ಮ ಹೊಲದಲ್ಲಿ ಈ ಸಲ ಹೇಗೆ?"

"ಇಲ್ಲ ಅಮ್ಮೋರೆ. ತಿಥೀಲಿ ಸಾರು ಮಾಡ್ಬುಟ್ವಿ."

ಪದ್ಮಾವತಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಚೆನ್ನಾಗಿತ್ತೇನಪ್ಪ ಸಾರು?"

ಅವನು ಬಳ್ಳಿಯ ಒಂದು ಕಾಯಿ ಮುಟ್ಟಿ ನೋಡಿದ.

"ಹೋದ ವರ್ಷದ್ದು ಎತ್ತಿಟ್ಟಿದ್ದೀನಿ. ಒಂದು ಹಿಡಿ ಕೊಡ್ತೀನಿ, ತಗೊಂಡೋಗು."

"ಒಂದ್ ಹಿಡೀಲಿ ಏನಾಯ್ತದೆ ಅಮ್ಮೋರೆ. ಹೊಲ ದೊಡ್ದು."

"ನಂಗೂ ಒಂದೇ ಹಿಡಿ ಕೊಟ್ಟಿದ್ದು ನಿಮ್ಮವ್ವ. ಬೀಜ ಎರಡು ಮನೇಲಿರ್ಬೇಕು, ಒಂದು ಕಡೆ ಹೋದ್ರೆ ಇನ್ನೊಂದು ಕಡೆ ಇರುತ್ತೆ ಅಂದಿದ್ಲು. ಮೊದಲ ವರ್ಷ ಒಂದು ಕಾಯೀನೂ ತಿನ್ಬೇಡ. ಚೆನ್ನಾಗಿ ಹಬ್ಬಿರೋ ಬಳ್ಳಿಗೆ ಬಟ್ಟೆ ಚೂರು ಕಟ್ಟು. ಆ ಬಳ್ಳೀ ಕಾಯಿ ಬಳ್ಳೀಲೇ ಒಣಗ್ಲಿ. ಆಮೇಲೆ ಬಿಡಿಸಿ, ಸೊಟ್ಟದ್ದು, ತೂತು ಬಿದ್ದದ್ದು ಆರಿಸಿ ತೆಗೆದು, ಜರಡಿ ಹಿಡಿದ ಒಣ ಬೂದೀಲಿ ಬೆರೆಸಿ ಮಡಕೆಗೆ ತುಂಬು. ಇಷ್ಟೇ. ನಿಮ್ಮವ್ವ ಹೇಳಿಕೊಡ್ಲಿಲ್ವಾ?"

ಹೇಳಿಕೊಡಲು ಕರೆದಿದ್ದಳು. ಪ್ರತಿ ವರ್ಷ ಕರೆದಿದ್ದಳು. "ಬಾ ಮಗ, ಒಂದ್ ಗಳಿಗೆ ನೋಡ್ಕೊ," ಅನ್ನುತ್ತಿದ್ದಳು. ಇವನು ಜಗಲಿಯ ಮೇಲೆ ಒರಗಿ ಫೋನು ನೋಡುತ್ತ, "ಆಮ್ಯಾಕೆ ಬತ್ತೀನಿ ಕಣವ್ವ," ಅನ್ನುತ್ತಿದ್ದ. ಆಮೇಲೆ ಅನ್ನುವುದು ಬರಲೇ ಇಲ್ಲ.

ಮುಂದಿನ ಮಳೆಗೆ ಕಾಂತರಾಜು ಆ ಹಿಡಿ ಬೀಜ ಬಿತ್ತಿದ. ರಾಗಿ ಕುಯ್ದ ಮೇಲೆ ಅವರೆ ಮಂಜಿನಲ್ಲಿ ಹಬ್ಬಿತು. ಪ್ರತಿಭಾ ತನ್ನ ಹಳೇ ಸೀರೆ ಹರಿದು ಬಳ್ಳಿಗಳಿಗೆ ಕಟ್ಟಿದಳು. ಮಡಕೆ ತುಂಬಲಿಲ್ಲ, ತಳ ಮುಚ್ಚಿತು. ಅದರಲ್ಲೇ ಒಂದು ಹಿಡಿ ತೆಗೆದು ಶಿವರಾಜುವಿನ ಮನೆಗೆ ಕೊಟ್ಟ.

"ಸಾರು ಮಾಡೀಯ ಮತ್ತೆ," ಎಂದ.

"ನಿನ್ನಂಗೆ ನಾನೇನ್ಲಾ," ಎಂದ ಶಿವರಾಜು. ಇಬ್ಬರಿಗೂ ನಗು ಬರಲಿಲ್ಲ.

ಅವರೆಯೇನೋ ಮನೆಗೆ ಬಂತು. ಅವ್ವನ ರಾಗಿ ಬರಲಿಲ್ಲ. ಹೊಳೆನರಸೀಪುರದ ನೆಂಟರು, ಅರಕಲಗೂಡಿನ ಬೀಗರು, ಎಲ್ಲರನ್ನೂ ಕೇಳಿ ಆಯಿತು. ಯಾರ ಮನೆಯಲ್ಲೂ ಇಲ್ಲ. ರಾಗಿಯ ಆ ಮಡಕೆ ಅಟ್ಟದ ಮೇಲೆ ಖಾಲಿ ಕೂತಿದೆ. ಕಾಂತರಾಜು ಅದನ್ನು ಕೆಳಗಿಳಿಸಲು ಬಿಡುವುದಿಲ್ಲ.

ಓದುತ್ತಿರುವವರೇ, ನಿಮ್ಮ ಮನೆಯಲ್ಲೂ ಬೀಜ ಎತ್ತಿಡಲು, ಗೊಬ್ಬರ ಮಾಗಿಸಲು, ಮಣ್ಣಿನ ಗೋಡೆ ಕಟ್ಟಲು ಬಲ್ಲವರೊಬ್ಬರು ಇದ್ದೇ ಇರುತ್ತಾರೆ. ಅವರ ಫೋಟೋಗೆ ಹಾರ ಹಾಕಲು ನಾವೆಲ್ಲ ಬಲು ಚುರುಕು. ಅವರ ಪಕ್ಕ ಕೂತು ಕಲಿಯಲು ಮಾತ್ರ ನಮಗೆ ಪುರುಸೊತ್ತಿಲ್ಲ. ಈ ಪುಟ ಮಡಚಿಡಿ. ಒಳಗೆ ಹೋಗಿ ಅವರನ್ನು ಕೇಳಿ. ಅವರು ಕರೆದಾಗ ಆಮೇಲೆ ಅನ್ನಬೇಡಿ. ಕಲಿತದ್ದನ್ನು, ಎತ್ತಿಟ್ಟ ಬೀಜದ ಜೊತೆಗೆ, ಇನ್ನೊಂದು ಮನೆಗೂ ಕೊಟ್ಟು ಬನ್ನಿ.