ಒಲೆಯ ಹಿಂದಿನ ಕಾಡುಹಂದಿ

ಮಾರ್ಗೊ ಕೆಂಡಕ್ಕೆ ಬರುವುದನ್ನು ನಿಲ್ಲಿಸಿದಾಗಲೇ ಮಾತುರೀನಳಿಗೆ ಅನುಮಾನ ಹುಟ್ಟಿತ್ತು. ಪಕ್ಕದ ಮನೆಯ ಮಾರ್ಗೊ ಎಷ್ಟೋ ವರ್ಷದಿಂದ ಬೆಳಿಗ್ಗೆ ಎದ್ದವಳೇ ಮಣ್ಣಿನ ಕುಡಿಕೆ ಹಿಡಿದು ಬರುತ್ತಿದ್ದಳು. ಇವಳ ಒಲೆಯಿಂದ ಒಂದಿಷ್ಟು ಕೆಂಡ ತುಂಬಿಕೊಂಡು, ಊರ ಸುದ್ದಿ ಹೇಳಿ ಹೋಗುತ್ತಿದ್ದಳು. ಈಗ ಹೊಲ ದಾಟಿ ಗಿರಣಿಯವರ ಮನೆಗೆ ಹೋಗುತ್ತಾಳೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಾಳೆ.

ಒಲೆಯ ಬೆನ್ನಿಗೆ ನಿಲ್ಲಿಸಿದ ಕಬ್ಬಿಣದ ಹಲಗೆಯನ್ನು ಬಗ್ಗಿ ನೋಡಿರಬಹುದಾದವಳು ಅವಳೊಬ್ಬಳೇ.

ಕ್ರಾಂತಿಯಾದ ಮೇಲೆ, ರಾಜನ, ಶ್ರೀಮಂತ ಮನೆತನಗಳ ಲಾಂಛನವಿರುವ ಒಲೆಹಲಗೆಗಳನ್ನೆಲ್ಲ ಗೋಡೆಯ ಕಡೆಗೆ ತಿರುಗಿಸಬೇಕೆಂದು ಪ್ಯಾರಿಸ್ಸಿನಿಂದ ಆಜ್ಞೆ ಬಂದಿತ್ತು. ಕಮ್ಮಾರ ವಿದಾಲ್ ಮನೆಮನೆಗೂ ಹೋಗಿ ತಿರುಗಿಸಿದ್ದ. ಮಾತುರೀನ್ ಮಾತ್ರ "ನಮ್ಮದು ಬೋಳು ಹಲಗೆ ಕಣಪ್ಪ" ಎಂದು ಅವನನ್ನು ಬಾಗಿಲಿಂದಲೇ ಕಳಿಸಿದ್ದಳು.

ಅದು ಬೋಳಲ್ಲ. ಊರ ಒಡೆಯನಾಗಿದ್ದ ಸೋಲಿಯಾಕಿನ ಮಾರ್ಕ್ವಿಸ್ ಅವಳ ಎದೆಹಾಲು ಕುಡಿದು ಬೆಳೆದವನು. ಅಮೆರಿಕಕ್ಕೆ ಹೋಗಿ, ಅಲ್ಲಿಯವರ ಬಿಡುಗಡೆಗಾಗಿ ಕಾದಾಡಿ ಹಿಂದಿರುಗುವಾಗ, ಅಲ್ಲಿಯೇ ಎರಕ ಹೊಯ್ಸಿ ಆ ಹಲಗೆಯನ್ನು ತಂದಿದ್ದ. "ನಿನ್ನ ಮುದಿಕಾಲಕ್ಕೆ ಬೆಚ್ಚಗಿರಲಿ, ದಾದಿ" ಎಂದಿದ್ದ. ಕೆಳಭಾಗದಲ್ಲಿ ಅವನ ಮನೆತನದ ಕಾಡುಹಂದಿಯಿತ್ತು. ಮೇಲೆ ಒಂದು ಕೋಲು, ಅದರ ತುದಿಯಲ್ಲಿ ಏನೋ. ಮಸಿ ಕಟ್ಟಿ ಕಟ್ಟಿ ಅವಳಿಗೂ ಮರೆತುಹೋಗಿತ್ತು. ಈಗ ಅವನು ದ್ರೋಹಿಯೆನಿಸಿ ಗಡಿ ದಾಟಿದ್ದ. ಆ ಹಂದಿ ಕಣ್ಣಿಗೆ ಬಿದ್ದರೆ ಪಟ್ಟಣದ ಸೆರೆಮನೆಯೇ ಗತಿ. ಅಲ್ಲಿಗೆ ಹೋದವರು ಯಾರೂ ಹಿಂದಿರುಗಿರಲಿಲ್ಲ. ಆದರೂ ಅವನನ್ನು ಗೋಡೆಗೆ ಮುಖಮಾಡಿ ನಿಲ್ಲಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಅವರು ಒಂದು ಮಧ್ಯಾಹ್ನ ಬಂದರು. ಊರ ಕಾವಲು ಸಮಿತಿಯ ಮುಖ್ಯಸ್ಥ, ಚಪ್ಪಲಿ ಹೊಲಿಯುವ ಗಾಸ್ಪಾರ್, ಕ್ರಾಂತಿಕಾರರ ಕೆಂಪು ಟೋಪಿ ಹಾಕಿಕೊಂಡಿದ್ದ. ಹಿಂದೆ ವಿದಾಲ್. ಅವರ ಹಿಂದೆ, ಹೊಸ್ತಿಲ ಆಚೆ ಕೈಕಟ್ಟಿ ನಿಂತ ಮಾರ್ಗೊ.

"ನಾಗರಿಕಳೇ, ಒಲೆ ಆರಿಸು," ಎಂದ ಗಾಸ್ಪಾರ್.

"ಚನ್ನಂಗಿ ಬೇಳೆ ಬೇಯ್ತಾ ಇದೆ. ನೀವು ಕೂತ್ಕೊಳ್ಳಿ."

"ನೀವು ಗೀವು ಅನ್ನೋ ಹಾಗಿಲ್ಲ. ಈಗ ಎಲ್ಲರೂ ನೀನೇ."

"ಹುಟ್ಟಿದಾಗ ನಿನ್ನ ತೊಳೆದವಳು ನಾನು ಕಣೋ. ನೀನು ಅನ್ನೋಕೆ ನಂಗೇನು ಕಷ್ಟ?"

ವಿದಾಲ್ ನಗೆ ತಡೆದು ಕೆಮ್ಮಿದ. ಗಾಸ್ಪಾರ್ ಕೆಂಪಾಗಿ ಮಾರ್ಗೊ ಕಡೆ ತಿರುಗಿದ. "ದಿನಾ ಕೆಂಡಕ್ಕೆ ಬರ್ತಿದ್ದೆಯಲ್ಲ, ಹಲಗೆ ಮೇಲೆ ಏನಿದೆ ಹೇಳು."

"ನಾನೆಲ್ಲಿ ಬರ್ತೀನಿ? ಗಿರಣಿಯವರನ್ನ ಕೇಳು. ಈ ಮುದುಕಿ ಕೆಂಡ ಕೊಡೋದಕ್ಕೂ ಜಿಪುಣತನ ಮಾಡ್ತಾಳೆ."

ಮಾತುರೀನಳಿಗೆ ಮೈ ಉರಿಯಿತು. ಹೇಳುವುದನ್ನು ಆಗಲೇ ಹೇಳಿಯಾಗಿದೆ, ಈಗ ನೋಡಿ ಸಂತೋಷಪಡಲು ಬಂದಿದ್ದಾಳೆ, ಎಂದುಕೊಂಡಳು.

ಒಲೆ ಆರಿಸಿ, ಹಲಗೆಗೆ ನೀರು ಚಿಮುಕಿಸಿ, ವಿದಾಲ್ ಮೇಲಿನಿಂದ ಮಸಿ ಕೆರೆಯತೊಡಗಿದ. ಮೊದಲು ಒಂದು ಟೋಪಿ ಕಂಡಿತು. ಆಮೇಲೆ ಅದನ್ನು ಹೊತ್ತ ಕೋಲು. ಗಾಸ್ಪಾರ್ ತನ್ನ ತಲೆಯ ಮೇಲಿದ್ದುದನ್ನು ತೆಗೆದು ಪಕ್ಕಕ್ಕೆ ಹಿಡಿದು ನೋಡಿದ. ಎರಡೂ ಒಂದೇ.

"ಇದು ಯಾವಾಗಿಂದ ಇದೆ?"

"ಅವನು ಅಮೆರಿಕದಿಂದ ಬಂದಾಗಿಂದ."

"ಆಗ ನಮ್ಮೂರಲ್ಲಿ ಈ ಟೋಪಿ ಎಲ್ಲಿತ್ತು?"

ವಿದಾಲ್ ಕೇಳಿದ, "ನಮಗಿಂತ ಮೊದಲೇ ಆ ದ್ರೋಹಿ ಇದನ್ನ ತಂದಿದ್ದ ಅಂತ ವರದಿ ಬರೀತೀಯಾ?"

"ಬಾಯ್ಮುಚ್ಚು. ಕೆರೆದಿದ್ದು ಸಾಕು." ಗಾಸ್ಪಾರ್ ಟೋಪಿಯನ್ನು ಅವಸರದಲ್ಲಿ ತಲೆಗೇರಿಸಿದ. "ಸ್ವಾತಂತ್ರ್ಯದ ಟೋಪೀನ ಗೋಡೆಗೆ ತಿರುಗಿಸೋದು ಅಪರಾಧ. ಇದು ಹೀಗೇ ಇರಲಿ. ರಜೆ ದಿನ ಊರವರೆಲ್ಲ ಬಂದು ನಮಸ್ಕಾರ ಮಾಡ್ತಾರೆ. ತಿಕ್ಕಿ ಹೊಳೆಯೋ ಹಾಗೆ ಮಾಡಿಡು."

ಅವರು ಹೋದರು. ಮಾತುರೀನ್ ಆರಿದ ಒಲೆಯ ಮುಂದೆ ಕೂತಳು. ಹೊಳೆಯುವ ಹಾಗೆ ತಿಕ್ಕಿದರೆ ಟೋಪಿಯ ಜೊತೆಗೆ ಹಂದಿಯೂ ಹೊಳೆಯುತ್ತದೆ.

ಸ್ವಲ್ಪ ಹೊತ್ತಿಗೆ ಮಾರ್ಗೊ ಮತ್ತೆ ಬಂದಳು. ಕೈಯಲ್ಲಿ ಅದೇ ಕುಡಿಕೆ, ಅದರ ತುಂಬ ಕೆಂಡ. ಮಾತಾಡದೆ ಒಲೆಯಲ್ಲಿ ಸುರಿದು, ಊದಿ ಉರಿ ಮಾಡಿದಳು. ಆಮೇಲೆ ಬೂದಿಯನ್ನೆಲ್ಲ ಬಾಚಿ ಹಲಗೆಯ ಬುಡಕ್ಕೆ ಎತ್ತರವಾಗಿ ಒತ್ತಿಟ್ಟಳು.

"ಬೂದೀನ ಈ ಮಟ್ಟಕ್ಕಿಂತ ಇಳಿಸ್ಬೇಡ. ಪಾಪ, ಹಂದಿಗೆ ಚಳಿಯಾಗುತ್ತೆ."

"ನಿಂಗೆ ಗೊತ್ತಿತ್ತಾ?"

"ನಂಗೇನು ಗೊತ್ತು? ನಾನು ಇಲ್ಲಿಗೆ ಬರೋದೇ ಇಲ್ವಲ್ಲ. ಬರದವಳನ್ನ ಯಾರು ಸಾಕ್ಷಿ ಕೇಳ್ತಾರೆ?"

ಮಾತುರೀನ್ ಅಂಗೈಯಿಂದಲೇ ಕಣ್ಣೊರೆಸಿಕೊಂಡಳು. ಕೆನ್ನೆಗೆ ಮಸಿ ಹತ್ತಿತು. ಚನ್ನಂಗಿಯ ಮಡಕೆಯನ್ನು ಮತ್ತೆ ಒಲೆಗೇರಿಸಿ, ಎರಡು ಬಟ್ಟಲು ತೆಗೆದಿಟ್ಟಳು.

"ಹಾಗಾದ್ರೆ ಅವರಿಗೆ ಹೇಳಿದ್ಯಾರು, ಮಾರ್ಗೊ?"

ಮಾರ್ಗೊ ಎದ್ದು ಹೋಗಿ ಬಾಗಿಲು ಹಾಕಿ ಬಂದು, ಹಿಂದಿನ ಹಾಗೆ ಊರ ಸುದ್ದಿ ಹೇಳಲು ಕೂತಳು.