ಅರ್ಧ ಬೆಂಚು

ಟೈಲರ್ ಮಾಸ್ಟರಿಗೆ ಎಡಗುಂಡೆಯ ನೋವು ಶುರುವಾಗಿ ಆರು ತಿಂಗಳಾಗಿತ್ತು. ಅಂತಿಂಥ ನೋವಲ್ಲ ಸ್ವಾಮಿ! ತೊಡೆಯ ಹಿಂದಿನಿಂದ ಇಳಿದು ಪಾದದವರೆಗೂ ಜುಮ್ಮೆನ್ನುವ ನೋವು. ಹತ್ತು ನಿಮಿಷ ಮೆಷಿನ್ನಿನ ಮುಂದೆ ಕೂರುವಂತಿರಲಿಲ್ಲ. ಡಿಸ್ಕ್ ಜಾರಿರಬೇಕು ಅಂತ ಸ್ಕ್ಯಾನ್ ಮಾಡಿಸಿದರೆ ಬೆನ್ನು ಸರಿಯಾಗೇ ಇತ್ತು. "ಈ ಸಲ ವಾಸಿಯಾಗದಿದ್ರೆ ಅಂಗಡಿ ಮುಚ್ಚಿಬಿಡೋದೇ, ಅಪ್ಪಾ," ಅಂತ ಮಗಳು ಫಿಸಿಯೋಥೆರಪಿಸ್ಟ್ ಹತ್ತಿರ ಕರೆದೊಯ್ದಳು. ಮುಚ್ಚೋದೇ! ಮಾಸ್ಟರು ತಕರಾರಿಲ್ಲದೆ ಅವಳ ಹಿಂದೆ ನಡೆದರು.

ಆ ಫಿಸಿಯೋಥೆರಪಿಸ್ಟ್ ಹುಡುಗಿ ನೋವಿದ್ದ ಕಡೆ ಹೆಬ್ಬೆರಳು ಊರಿದ್ದೇ ತಡ, ಮಾಸ್ಟರು ಕಿಟಾರನೆ ಕಿರುಚಿದರು.

"ಸಿಕ್ತು ನೋಡಿ. ಇಲ್ಲಿ ಪಿರಿಫಾರ್ಮಿಸ್ ಅಂತ ಒಂದು ಸ್ನಾಯು ಇದೆ. ಕಾಲಿಗೆ ಹೋಗೋ ದೊಡ್ಡ ನರ ಅದರ ಅಡಿಯಲ್ಲೇ ಹಾದುಹೋಗುತ್ತೆ. ಸ್ನಾಯು ಬಿಗಿದು ನರ ಒತ್ತುತ್ತಿದೆ. ಎಲ್ಲಿ, ಅಂಗಡೀಲಿ ಹೇಗೆ ಕೂರ್ತೀರಿ, ತೋರಿಸಿ?"

ಮಾಸ್ಟರು ಮಂಚದ ಬಲತುದಿಗೆ ಹೋಗಿ ಎಡಗುಂಡೆಯನ್ನಷ್ಟೇ ಊರಿ ಕೂತರು.

"ಇದೇನು ಮಾಸ್ಟ್ರೇ, ಬಸ್ಸಲ್ಲಿ ಸೀಟು ಸಿಗದವರ ಹಾಗೆ! ನಡುಮಧ್ಯ ಕೂತ್ಕೊಳ್ಳಿ."

ಮಾಸ್ಟರು ಸರಿದ ಹಾಗೆ ಮಾಡಿದರು. ಏನಂತ ಹೇಳುವುದು? ಅಂಗೈಯಗಲದ ಅಂಗಡಿ, ಇದ್ದದ್ದೇ ಒಂದು ಗಿಡ್ಡ ಬೆಂಚು. ಇವರು ಹೊಲಿಯುವುದು, ಹೆಂಡತಿ ಎಡಗಡೆ ಕೂತು ಕಾಜಾ ಮಾಡಿ ಗುಂಡಿ ಹಾಕುವುದು. ಮೂವತ್ತೊಂದು ವರ್ಷ! ಆಕೆ ದಷ್ಟಪುಷ್ಟ, ಇವರು ಕಡ್ಡಿ ಪೈಲ್ವಾನ್.

"ಸ್ವಲ್ಪ ಆ ಕಡೆ ಸರಿಯೇ, ಬಿದ್ದುಹೋಗ್ತೀನಿ," ಅನ್ನುತ್ತಿದ್ದರು ಇವರು.

"ಬೀಳಿ. ಎತ್ತೋಕೆ ನಾನಿಲ್ವಾ?"

ಹಲ್ಲಲ್ಲಿ ದಾರ ಕಚ್ಚಿಕೊಂಡೇ ನಗುತ್ತಿದ್ದಳು, ಪುಣ್ಯಾತ್ಗಿತ್ತಿ. ಆ ತೋಳಿಗೆ ಒರಗಿದರೆ ಮೈಭಾರವೇ ಗೊತ್ತಾಗುತ್ತಿರಲಿಲ್ಲ. ಆ ದಿನಗಳೇ ದಿನಗಳು! ಆಕೆ ಹೋಗಿ ಮೂರು ವರ್ಷವಾದರೂ ಮಾಸ್ಟರು ತುದಿ ಬಿಟ್ಟಿರಲಿಲ್ಲ. ಖಾಲಿ ಜಾಗದಲ್ಲಿ ಗಿರಾಕಿಗಳು ಬಟ್ಟೆ ಇಟ್ಟರೂ ರೇಗುತ್ತಿದ್ದರು.

ಹೇಳಿದ ವ್ಯಾಯಾಮವನ್ನೆಲ್ಲ ಚಾಚೂ ತಪ್ಪದೆ ಮಾಡಿದರು. ಮಲಗಿ ಎಡಪಾದವನ್ನು ಬಲಮೊಣಕಾಲ ಮೇಲಿಟ್ಟು, ಬಲತೊಡೆಯನ್ನು ಎದೆಗೆ ಎಳೆದುಕೊಂಡು ಮೂವತ್ತು ಎಣಿಸುವುದು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು. ಮನೆಯಲ್ಲಿ ನೋವು ಇಳಿಯುತ್ತಿತ್ತು, ಅಂಗಡಿಗೆ ಹೋದರೆ ಮತ್ತೆ ಅದೇ ರಾಗ. ಮಗಳಿಗೆ ಅನುಮಾನ ಬಂದು ಒಂದು ದಿನ ಹೇಳದೆ ಕೇಳದೆ ಬಂದೇಬಿಟ್ಟಳು.

"ಅಪ್ಪಾ! ಮತ್ತೆ ತುದೀಲೇ ಕೂತಿದ್ದೀರಲ್ಲ!"

"ಅದು ನಿಮ್ಮಮ್ಮನ ಜಾಗ ಕಣೇ," ಅಂದರು ಮಾಸ್ಟರು. ಮೂರು ವರ್ಷದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಬಂದಿತ್ತು.

ಮಗಳ ಕಣ್ಣು ತುಂಬಿಬಂತು. "ಅಂಗಡಿ ಮುಚ್ಚಿದ್ರೆ ಅಮ್ಮನಿಗೆ ಯಾವ ಜಾಗ ಉಳಿಯುತ್ತೆ, ಅಪ್ಪಾ?"

ಮಾಸ್ಟರು ಬೆಂಚಿನ ಖಾಲಿ ಜಾಗವನ್ನು ಅಂಗೈಯಿಂದ ಒಮ್ಮೆ ಸವರಿದರು. ಆಮೇಲೆ ಮೆಲ್ಲಗೆ ನಡುವಿಗೆ ಸರಿದು, ಎರಡೂ ಕಡೆ ಭಾರ ಊರಿ, ಒಂದು ಅಂಗಿಯ ತೋಳು ಪೂರ್ತಿ ಹೊಲಿದರು.

"ಹೇಗಿದೆ ಅಪ್ಪಾ?"

"ಹಾಯಾಗಿದೆ ಕಣೇ," ಅಂದರು. ಹಾಯಾಗಿದೆಯಲ್ಲಾ ಅಂತಲೇ ಬಿಕ್ಕಿ ಬಿಕ್ಕಿ ಅತ್ತರು.