ನಾಲ್ಕನೆಯ ಘಟನೆ

ಲತಾಮಣಿ ಕರಿಹಲಗೆಯ ಮೇಲೆ ಮರೆವಿನ ರೇಖೆಯನ್ನು ಅರ್ಧ ಇಳಿಸಿದ್ದಳು, ಅಷ್ಟರಲ್ಲಿ ತರಗತಿಯ ಬಾಗಿಲಲ್ಲಿ ದೇವೀರಪ್ಪನವರು ಕಾಣಿಸಿಕೊಂಡರು. ಹಣೆಯಲ್ಲಿ ವಿಭೂತಿ, ಕಂಕುಳಲ್ಲಿ ಛತ್ರಿ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಾಲ್ಕು ಜನರಿಗೆ ಕೇಳುವಂತೆ ಮಾತಾಡುವ ಮನುಷ್ಯ, ಬಿ.ಎಡ್. ಕಾಲೇಜಿನ ಹೊಸಿಲಿನಾಚೆ ತಡವಾಗಿ ಬಂದ ವಿದ್ಯಾರ್ಥಿಯ ಹಾಗೆ ನಿಂತಿದ್ದರು. ಅವಳ ಕೈಯ ಸೀಮೆಸುಣ್ಣ ಮುರಿಯಿತು.

"ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನ ಉರು ಹೊಡೆದು, ಎಷ್ಟು ದಿನಕ್ಕೆ ಎಷ್ಟು ಮರೆತುಹೋಗುತ್ತೆ ಅಂತ ಲೆಕ್ಕ ಹಾಕಿದ," ಎಂದು ಅವಸರದಲ್ಲಿ ಪಾಠ ಮುಗಿಸಿದಳು. "ಪ್ರಯೋಗವನ್ನೆಲ್ಲ ತನ್ನ ತಲೆ ಮೇಲೇ ಮಾಡಿಕೊಂಡ. ಇದನ್ನ ಬರೆದುಕೊಳ್ಳಿ."

ಹದಿನೇಳು ವರ್ಷದಿಂದ ಈ ಮಾತು ಹೇಳುತ್ತಿದ್ದಳು, ಹೇಳಿದಾಗಲೆಲ್ಲ ಅವಳಿಗೇ ಚುಚ್ಚುತ್ತಿತ್ತು. ಬೇರೆಯವರ ತಲೆಗೆ ಕೈಹಾಕದ ಪುಣ್ಯಾತ್ಮ. ಅವಳು ಕೈಹಾಕಿದ್ದಳು. ಅದೂ ಗೆಳತಿಯ ತಲೆಗೆ, ಈ ಬಾಗಿಲಲ್ಲಿ ನಿಂತವರ ಒಡಹುಟ್ಟಿದ ತಂಗಿ ದ್ರಾಕ್ಷಾಯಣಿಯ ತಲೆಗೆ.

ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ದೇವೀರಪ್ಪನವರು ಕುರ್ಚಿಯ ತುದಿಯಲ್ಲಿ ಕೂತರು.

"ದ್ರಾಕ್ಷಾಯಣಿ ಮಾತು ಬಿಟ್ಟು ಎಂಟು ತಿಂಗಳಾಯ್ತು ಕಣಮ್ಮ. ಅವ್ವನ ಕಾರ್ಯದ ದಿನ ನೆಂಟ್ರೆಲ್ಲರ ಮುಂದೆ ಅಂದ್ಬುಟ್ಲು. ಹಳೇಬೀಡಲ್ಲಿ ನನ್ನ ಕೈ ಬಿಟ್ಟೋನು, ಇನ್ನು ಅವ್ವನೂ ಇಲ್ಲ, ಈ ಮನೇಲಿ ನಂಗೇನೈತೆ ಅಂತ. ಎಲೆ ಮುಂದೆ ಕೂತಿದ್ದೋಳು ಎದ್ದೋದ್ಲು."

ಲತಾಮಣಿ ಕೈಗಂಟಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡಳು.

"ಅವಳಂದಿದ್ದು ಸುಳ್ಳಲ್ಲ ಬಿಡು. ಬಿಟ್ಟೋನು ನಾನೇ. ನಂದಿ ಮಂಟಪದ ತಾವ ಜನವೋ ಜನ. ನಂಗೆ ಗೋಲಿ ಸೋಡ ಕುಡಿಯೋ ಆಸೆ. ಕೈ ಬಿಟ್ಟು ಓಡಿದೆ. ತಿರುಗಿ ನೋಡಿದ್ರೆ ಕೂಸಿಲ್ಲ. ಆಮೇಲೆ ಯಾವಳೋ ಕಡ್ಲೆಕಾಯಿ ಮಾರೋಳು ಎತ್ಕಂಡು ಬಂದ್ಲು. ಮೊಣಕೈವರ್ಗೂ ಹಸಿರು ಬಳೆ. ಈಗ್ಲೂ ಕಣ್ಣಿಗೆ ಕಟ್ಟಿದಂಗೈತೆ. ನೀನು ಅವಳ ಗೆಳತಿ, ನಿನ್ನ ಮಾತು ಕೇಳ್ತಾಳೆ. ಒಂದ್ಸಲ ನಂಜೊತೆ ಮಾದಿಹಳ್ಳಿಗೆ, ಅವಳ ಮನೆಗೆ ಬಾ. ತಪ್ಪಾಯ್ತು ಅಂತ ನಿನ್ನೆದುರಿಗೇ ಅಂತೀನಿ."

ಕಡಲೆಕಾಯಿ ಮಾರುವವಳು ಲತಾಮಣಿಯ ಕಟ್ಟುಕತೆಯವಳು. ಹಸಿರು ಬಳೆ ದ್ರಾಕ್ಷಾಯಣಿ ತೊಡಿಸಿದ್ದು. ತಂಗಿಯ ಬಾಯಲ್ಲಿ ಕೇಳಿ ಕೇಳಿ ಈಗ ಅಣ್ಣನೂ ಗೋಲಿ ಸೋಡ ತಂದು ಸೇರಿಸಿದ್ದರು.

ಇಪ್ಪತ್ತೆರಡು ವರ್ಷದ ಹಿಂದೆ ಗಂಡಸಿ ಊರಿನ ಮೇಷ್ಟ್ರ ಮಗಳು ಲತಾಮಣಿ ಮನಃಶಾಸ್ತ್ರದ ಎಂ.ಎ.ಗೆ ಪ್ರಬಂಧ ಬರೆಯುತ್ತಿದ್ದಳು. ಅಮೆರಿಕದಲ್ಲಿ ಲಾಫ್ಟಸ್ ಎಂಬ ವಿಜ್ಞಾನಿ ಮತ್ತು ಆಕೆಯ ಸಂಗಡಿಗರು ಮಾಡಿದ್ದ ಪ್ರಯೋಗವೊಂದು ಅವಳ ತಲೆಗೇರಿತ್ತು. ಮನೆಯ ಹಿರಿಯರಿಂದ ಒಬ್ಬರ ಬಾಲ್ಯದ ಮೂರು ನಿಜ ಘಟನೆ ಕೇಳಿಕೊಂಡು, ಅದಕ್ಕೆ ಒಂದು ಸುಳ್ಳನ್ನು ಸೇರಿಸಿ, ಚಿಕ್ಕಂದಿನಲ್ಲಿ ನೀವು ಅಂಗಡಿ ಸಮುಚ್ಚಯದಲ್ಲಿ ಕಳೆದುಹೋಗಿದ್ದಿರಿ ಎಂದು ಹೇಳುವುದು. ನಾಲ್ಕರಲ್ಲಿ ಒಬ್ಬರಿಗೆ ಆ ಸುಳ್ಳೂ ನೆನಪಿಗೆ ಬಂದಿತ್ತಂತೆ. ಅರಸೀಕೆರೆಯಲ್ಲಿ ಆಗ ಅಂಥ ಅಂಗಡಿಗಳೆಲ್ಲಿದ್ದವು? ಲತಾಮಣಿ ಹಳೇಬೀಡಿನ ನಂದಿ ಮಂಟಪವನ್ನು ಆರಿಸಿಕೊಂಡಳು, ಅಲ್ಲಿ ಅಣ್ಣನ ಕೈ ತಪ್ಪಿ ಕಳೆದುಹೋದ ಕೂಸನ್ನು ಕಡಲೆಕಾಯಿ ಮಾರುವವಳೊಬ್ಬಳು ತಂದೊಪ್ಪಿಸಿದಳು ಎಂದು ಕಟ್ಟಿದಳು.

ದ್ರಾಕ್ಷಾಯಣಿಯ ಮನೆಯಲ್ಲಿ ಮೂರು ನಿಜ ಹೇಳಿದ್ದು ಇದೇ ದೇವೀರಪ್ಪನವರು. ನಾಲ್ಕನೆಯದು ನಡೆದಿಲ್ಲ ಎಂದು ಕೈಯಾರೆ ಬರೆದು ಸಹಿಯನ್ನೂ ಹಾಕಿಕೊಟ್ಟಿದ್ದರು. ನಗುನಗುತ್ತಾ, "ನಮ್ಮುಡುಗಿ ಭಾರಿ ಚುರುಕು, ಈ ಸುಳ್ಳಿಗೆ ಬೀಳಾಕಿಲ್ಲ," ಎಂದಿದ್ದರು.

ಮೊದಲ ಸಲ ದ್ರಾಕ್ಷಾಯಣಿಗೆ ಏನೂ ನೆನಪಾಗಲಿಲ್ಲ. ಎರಡನೆಯ ಸಲ ಜನರ ಕಾಲುಗಳು ಕಂಡವು. ಮೂರನೆಯ ಸಲ ಹಸಿರು ಬಳೆ ಕಂಡಿತು, ಬಿಕ್ಕಿ ಬಿಕ್ಕಿ ಅತ್ತಳು. ಮಾರ್ಗದರ್ಶಕರು ಆ ಬಳೆಯ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಶಹಭಾಸ್ ಎಂದರು. ಲತಾಮಣಿ ಹಿಗ್ಗಿ ಹೀರೇಕಾಯಿಯಾದಳು.

ಪ್ರಯೋಗ ಮುಗಿದ ಕೂಡಲೇ ನಿಜ ಹೇಳಬೇಕು, ಅದು ನಿಯಮ. ಉಳಿದ ಹನ್ನೊಂದು ಜನಕ್ಕೆ ಹೇಳಿದಳು. ದ್ರಾಕ್ಷಾಯಣಿ ಮಾತ್ರ ಅವಳ ಎರಡೂ ಕೈ ಹಿಡಿದು, "ನೀನು ಕೇಳ್ದೇ ಇದ್ದಿದ್ರೆ ನನ್ನ ಎತ್ಕಂಡು ಬಂದ ಆಯಮ್ಮನ್ನ ಮರ್ತೇ ಬಿಡ್ತಿದ್ದೆ ಕಣೇ," ಎಂದುಬಿಟ್ಟಳು. ನಾಳೆ ಹೇಳಿದರಾಯಿತು ಎಂದುಕೊಂಡಳು ಲತಾಮಣಿ. ಅದೇ ತಿಂಗಳು ಗೆಳತಿ ಮದುವೆಯಾಗಿ ಮಾದಿಹಳ್ಳಿಗೆ ಹೋದಳು. 'ಪಾಲ್ಗೊಂಡ ಎಲ್ಲರಿಗೂ ಸತ್ಯವನ್ನು ತಿಳಿಸಲಾಗಿದೆ' ಎಂದು ಪ್ರಬಂಧದಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಂಡಳು. ಇವತ್ತು ಅವಳು ಕೂತಿರುವ ಕುರ್ಚಿ ಬಂದದ್ದು ಆ ಪ್ರಬಂಧದಿಂದ.

ಲತಾಮಣಿ ಎದ್ದು ಬೀರು ತೆಗೆದಳು. ಕಡತದ ತಳದಲ್ಲಿದ್ದ ಹಳದಿ ಹಾಳೆಯನ್ನು ದೇವೀರಪ್ಪನವರ ಮುಂದಿಟ್ಟಳು.

"ಅಣ್ಣ, ಅದು ನಡೆದೇ ಇಲ್ಲ. ಕಟ್ಟಿದವಳು ನಾನು. ನಿಮಗೆ ಅವತ್ತೇ ಹೇಳಿದ್ದೆ. ನೋಡಿ, ನಿಮ್ಮದೇ ಸಹಿ."

ಅವರು ಕನ್ನಡಕ ಏರಿಸಿ ಓದಿದರು, ಮತ್ತೊಂದು ಸಲ ಓದಿದರು. "ಅಕ್ಷರ ನಂದೇಯ," ಎಂದರು ನಿಧಾನವಾಗಿ. "ಅಪ್ಪಂಗೆ ಗೊತ್ತಾದ್ರೆ ಬಯ್ತಾರೆ ಅಂತ ಆಗ ಸುಳ್ಳು ಬರ್ದಿರ್ತೀನಿ ಕಣಮ್ಮ."

"ಅಯ್ಯೋ, ಇಲ್ಲ ಅಣ್ಣ."

"ಗೋಲಿ ಒಳಕ್ಕೆ ಬಿದ್ದ ಸದ್ದು ನನ್ನ ಕಿವೀಲಿ ಐತಲ್ಲ ತಾಯಿ, ಅದನ್ನೇನು ಮಾಡ್ಲಿ? ಅವ್ವನೂ ನಿನ್ನಂಗೇ ಅಂತಿದ್ಲು. ಕೂಸು ನನ್ನ ಸೊಂಟ ಬಿಟ್ಟು ಇಳಿದಿದ್ರೆ ತಾನೆ ಕಳೆದೋಗಕ್ಕೆ ಅಂತ. ವಯಸ್ಸಾಯ್ತು, ಅರಳುಮರಳು ಅಂದ್ಕಂಡ್ವಿ."

ಲತಾಮಣಿ ಹಾಳೆಯನ್ನು ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಇಬ್ಬರೂ ದೇವೀರಪ್ಪನವರ ಕಾರಿನಲ್ಲಿ ಹೊರಟರು. ಹಳೇಬೀಡಿನಲ್ಲಿ ದೇವಸ್ಥಾನದ ಬೇಲಿಯ ಪಕ್ಕ ಅವರು ಕಾರು ನಿಧಾನ ಮಾಡಿ, "ಅಲ್ಲೇ ಇತ್ತು ಸೋಡದ ಗಾಡಿ," ಎಂದು ಬೆರಳು ತೋರಿಸಿದರು. ಅಲ್ಲಿ ಶಾಲಾ ಬಸ್ಸೊಂದು ನಿಂತಿತ್ತು. ಲತಾಮಣಿ ಇನ್ನೊಂದು ಕಡೆಯ ಕಿಟಕಿಗೆ ಮುಖ ತಿರುಗಿಸಿದಳು.

ಮಾದಿಹಳ್ಳಿಯಲ್ಲಿ ದ್ರಾಕ್ಷಾಯಣಿ ಡೇರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದಳು. ಗೆಳತಿಯನ್ನು ಕಂಡು ಅರಳಿದ ಮುಖ ಅಣ್ಣನನ್ನು ಕಂಡು ಗಂಟಿಕ್ಕಿತು. ಒಳಗೆ ಹೋಗಿ ಒಂದೇ ಲೋಟ ಕಾಫಿ ತಂದಳು. ಅದನ್ನು ಲತಾಮಣಿಯ ಕೈಗೆ ಕೊಟ್ಟಳು. ದೇವೀರಪ್ಪನವರು ನಡುಮನೆಯ ಹೊಸಿಲ ಆಚೆಯೇ ನಿಂತರು.

"ತಪ್ಪಾಯ್ತು ಕಣೇ ದ್ರಾಕ್ಷಾಯಣಿ. ಕೈ ಬಿಟ್ಟೋನು ನಾನೇ. ಇಷ್ಟು ವರ್ಷ ಬಾಯಿಬಿಟ್ಟು ಒಪ್ಕಳ್ಳಿಲ್ಲ."

"ಇಷ್ಟೇ ಕಣಣ್ಣ ನಂಗೆ ಬೇಕಾಗಿದ್ದಿದ್ದು," ಎಂದು ದ್ರಾಕ್ಷಾಯಣಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಒಳೀಕ್ ಬಾ, ಅದ್ಯಾಕೆ ಅಲ್ಲಿ ನಿಂತಿದೀಯ."

ಲತಾಮಣಿ ಇಲ್ಲಿಗೇ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಕಾಫಿ ಕುಡಿದು, ಊಟ ಮಾಡಿ ಹೊರಡಬಹುದಿತ್ತು. ಅಣ್ಣ ತಂಗಿ ಒಂದಾದರಲ್ಲ, ಇನ್ನೇನು ಎಂದು ಮನಸ್ಸು ಸಮಾಧಾನ ಹೇಳಿತು. ಇಪ್ಪತ್ತೆರಡು ವರ್ಷ ಅದೇ ಮನಸ್ಸು, ಅದೇ ಸಮಾಧಾನ. ಮಾಡದ ತಪ್ಪಿಗೆ ತನ್ನೆದುರಿಗೇ ಕೈಮುಗಿದು ನಿಂತ ಮನುಷ್ಯನನ್ನು ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಲೋಟವನ್ನು ಕೆಳಗಿಟ್ಟಳು.

"ದ್ರಾಕ್ಷಿ, ಅಣ್ಣ ನಿನ್ನ ಕೈ ಬಿಡಲಿಲ್ಲ. ನೀನು ಯಾವತ್ತೂ ಕಳೆದುಹೋಗಿರಲಿಲ್ಲ. ನನ್ನ ಪರೀಕ್ಷೆಗೋಸ್ಕರ ನಾನೇ ಕಟ್ಟಿ ನಿನ್ನ ತಲೆಯಲ್ಲಿ ಇಟ್ಟೆ. ನಿಜ ಹೇಳದೆ ಓಡಿಹೋದೆ."

ಚೀಲದಿಂದ ಹಾಳೆ ತೆಗೆದು ಕೊಟ್ಟಳು. ದ್ರಾಕ್ಷಾಯಣಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಹಂಗಾದ್ರೆ ಹಸಿರು ಬಳೆ?"

"ಅದು ನೀನೇ ಸೇರಿಸಿದ್ದು."

"ಇಲ್ಲ ಕಣಮ್ಮ, ನಾನೂ ನೋಡಿದೀನಿ," ಎಂದರು ದೇವೀರಪ್ಪನವರು. ಯಾರೂ ಅವರತ್ತ ತಿರುಗಲಿಲ್ಲ.

ಬೈಗುಳ ಬರುತ್ತದೆ, ಬರಲಿ ಎಂದು ಲತಾಮಣಿ ತಲೆತಗ್ಗಿಸಿ ಕೂತಳು. ಬಂದರೆ ಹಗುರಾಗುತ್ತಿತ್ತು. ಬೈಗುಳ ಬರಲಿಲ್ಲ.

"ಅವ್ವ ಹಾಸಿಗೆ ಹಿಡಿದ್ಮೇಲೂ ಇದನ್ನೇ ಹೇಳಿದ್ಲು," ಎಂದಳು ದ್ರಾಕ್ಷಾಯಣಿ. ಅವಳ ದನಿ ಎಲ್ಲೋ ದೂರದಿಂದ ಬಂದಂತಿತ್ತು. "ನನ್ನ ಕೈ ಹಿಡ್ಕಂಡು, ಇಲ್ಲ ಕಣೇ ಮಗ, ನೀನು ಎಲ್ಲೂ ಕಳೆದೋಗಿರ್ಲಿಲ್ಲ ಅಂದ್ಲು. ನಾನು ಕೈ ಕೊಡವಿಕೊಂಡೆ. ಮಗನ ಪರ ವಯಿಸ್ಬ್ಯಾಡ, ಸಾಯೋ ಕಾಲದಲ್ಲಾದ್ರೂ ಸುಳ್ಳು ಬಿಡು ಅಂದ್ಬುಟ್ಟೆ. ಆಮೇಲೆ ಅವ್ವ ನಂಜೊತೆ ಜಾಸ್ತಿ ಮಾತಾಡ್ಲಿಲ್ಲ."

ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ದ್ರಾಕ್ಷಾಯಣಿ ಎದ್ದು ಗೋಡೆಯ ಮೇಲಿದ್ದ ಅವ್ವನ ಫೋಟೊದ ಎದುರು ಹೋಗಿ ನಿಂತಳು. ಗಾಜನ್ನು ಸೆರಗಿನಿಂದ ಒರೆಸಿದಳು. ಅವ್ವನಿಗೆ ಓದು ಬರುತ್ತಿರಲಿಲ್ಲ, ಮನೆಗೆ ಬಂದ ಕಾಗದವನ್ನೆಲ್ಲ ಮಗಳೇ ಓದಿ ಹೇಳಬೇಕಿತ್ತು. ಈಗಲೂ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಓದಿದಳು.

"ಮೇಲೆ ಬರೆದ ನಾಲ್ಕನೆಯ ಘಟನೆ ನಡೆದಿಲ್ಲ."

ಓದಿ ಮುಗಿಸಿ, ಅವ್ವನಿಗೆ ಕೇಳಿಸಲಿಲ್ಲವೇನೋ ಎಂಬಂತೆ, ಮತ್ತೆ ಮೊದಲಿನಿಂದ ಓದತೊಡಗಿದಳು.